ಪಕ್ಕೀರವ್ವನ ಮಗನ ಹೆಸರು

ಪಕ್ಕೀರವ್ವನಿಗೆ ಆ ಹೆಸರು ಬಂದದ್ದು ಅವಳು ಹುಟ್ಟುವುದಕ್ಕೂ ಮೊದಲು. ಯಲಬುರ್ಗಾ ಸೀಮೆಯ ಎರೆಹೊಲದ ಊರೊಂದರಲ್ಲಿ ಅವಳ ತಾಯಿ ಮೊಹರಮ್ಮಿನ ಅಲಾಯಿ ದೇವರ ಮುಂದೆ ನಿಂತು, ಹೊಟ್ಟೆಯಲ್ಲಿರುವ ಕೂಸು ಉಳಿದರೆ ಫಕೀರನ ಹೆಸರಿಡುತ್ತೇನೆಂದು ಬೇಡಿಕೊಂಡಿದ್ದಳು. ಗಂಡಾಗಿದ್ದರೆ ಪಕ್ಕೀರಪ್ಪನಾಗುತ್ತಿತ್ತು. ಹೆಣ್ಣಾಯಿತು, ಪಕ್ಕೀರವ್ವನಾಯಿತು. ಆ ಮನೆಯ ಜಗಲಿಯ ಮೇಲೆ ಎಲ್ಲಮ್ಮನಿದ್ದಳು, ಹನುಮಪ್ಪನಿದ್ದ, ಹಿರಿಯರ ಹೆಸರಿನ ಎರಡು ಬೆಳ್ಳಿಯ ಮುಖಗಳಿದ್ದವು. ಮೊಹರಮ್ಮು ಬಂದರೆ ಅದೇ ಮನೆಯವರು ಮಸೂತಿಗೆ ಹೋಗಿ ಸಕ್ಕರೆಯ ಮೇಲೆ ಫಾತೇಹಾ ಓದಿಸಿಕೊಂಡು ಬರುತ್ತಿದ್ದರು. ಇದರಲ್ಲಿ ಯಾರಿಗಾದರೂ ವಿವರಿಸಿ ಹೇಳಬೇಕಾದ ಸಂಗತಿ ಇದೆಯೆಂದು ಆ ಸೀಮೆಯಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ವಿವರಿಸಿ ಹೇಳಲೇಬೇಕಾದ ಕಾಲ ಬಂದಾಗ ಪಕ್ಕೀರವ್ವನ ಬಾಯಲ್ಲಿ ಅದಕ್ಕೆ ತಕ್ಕ ಮಾತು ಇರಲಿಲ್ಲ.

ಮದುವೆಯಾಗಿ ಅವಳು ಬಂದದ್ದು ಕಾರಟಗಿಯ ಆಚೆ, ಕಾಲುವೆಯ ಮಗ್ಗುಲಲ್ಲಿರುವ ಭತ್ತದ ಊರಿಗೆ. ಗಂಡ ಸಣ್ಣಪ್ಪ ಹಮಾಲ, ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವವನು. ವರ್ಷವಿಡೀ ಭತ್ತ ಹೊರುವ ಆ ಹೆಗಲಿಗೆ ಮೊಹರಮ್ಮಿನಲ್ಲಿ ಬೇರೊಂದು ಕೆಲಸವಿತ್ತು. ಊರ ಮಸೂತಿಯಲ್ಲಿ ಕೂಡುತ್ತಿದ್ದ ಹುಸೇನ ದೇವರ ಪಂಜೆ, ಅಂದರೆ ಬೆಳ್ಳಿಯ ತಗಡಿನ ಐದು ಬೆರಳಿನ ಕೈ, ಎತ್ತರದ ಕೋಲಿನ ತುದಿಗೆ ಬಣ್ಣಬಣ್ಣದ ಬಟ್ಟೆಯುಟ್ಟು ನಿಲ್ಲುತ್ತಿತ್ತು. ಅದನ್ನು ಕೂಡಿಸುವ ಹಕ್ಕು ಮಸೂತಿಯನ್ನು ನೋಡಿಕೊಳ್ಳುವ ಮುಜಾವರ ನೂರಸಾಬನ ಮನೆಯದು, ಎಬ್ಬಿಸಿ ಹೊತ್ತು ಊರಾಡಿಸುವ ಹಕ್ಕು ಸಣ್ಣಪ್ಪನ ಮನೆಯದು. ಯಾವ ಕಾಲದಲ್ಲಿ ಯಾರು ಹಾಗೆ ಹಂಚಿಕೊಟ್ಟರೋ ತಿಳಿಯದು. ಒಬ್ಬರಿಲ್ಲದೆ ಇನ್ನೊಬ್ಬರ ಹಬ್ಬ ಆಗಬಾರದೆಂದು ಬಲ್ಲವರು ಯಾರೋ ಹಂಚಿಕೊಟ್ಟಿರಬೇಕು.

ಪಕ್ಕೀರವ್ವನ ಮೊದಲಿನ ಎರಡು ಕೂಸುಗಳು ತೊಟ್ಟಿಲು ಬಿಟ್ಟೇಳಲಿಲ್ಲ. ಮೂರನೆಯದಕ್ಕೂ ಅದೇ ರೀತಿ ಸೆಳವು ಬಂದು ಕಣ್ಣು ಮೇಲಾದಾಗ ಅವಳು ಅದನ್ನು ಉಡಿಯಲ್ಲಿ ಕಟ್ಟಿಕೊಂಡು ಮಸೂತಿಯ ಕಟ್ಟೆಗೆ ಓಡಿದಳು. ನೂರಸಾಬ ಮಸೂತಿಯ ಮುಂದಿನ ಅಲಾಯಿ ಬೆಂಕಿಕುಣಿಯ ಬೂದಿ ಹಣೆಗಿಟ್ಟ. ಆಮೇಲೆ ಸಣ್ಣಪ್ಪನ ಜೊತೆ ತಾನೂ ಗಾಡಿ ಹತ್ತಿ ಗಂಗಾವತಿಯ ಆಸ್ಪತ್ರೆಯವರೆಗೆ ಬಂದ. ಕೂಸು ಉಳಿಯಿತು. ಬೂದಿಯಿಂದ ಉಳಿಯಿತೋ ಡಾಕ್ಟರರ ಸೂಜಿಯಿಂದ ಉಳಿಯಿತೋ ಎಂಬ ಜಿಜ್ಞಾಸೆಗೆ ಪಕ್ಕೀರವ್ವ ಹೋಗಲಿಲ್ಲ. ತೊಟ್ಟಿಲಿಗೆ ಹಾಕಿದ ದಿನ ನೂರಸಾಬನೇ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ: ಹುಸೇನಪ್ಪ. ಕೂಸಿನ ನಡುವಿನಲ್ಲಿದ್ದ ಬೆಳ್ಳಿಯ ಉಡದಾರವನ್ನು ಪಕ್ಕೀರವ್ವ ಬಿಚ್ಚಿಕೊಟ್ಟಳು. ಅಕ್ಕಸಾಲಿ ಅದನ್ನು ಕರಗಿಸಿ ಪಂಜೆಯ ಕಿರುಬೆರಳಿಗೆ ಬೆಸೆದ. ಮುಂದಿನ ವರ್ಷ ಹಚ್ಚೆ ಹಾಕುವ ಹೆಂಗಸು ಊರಿಗೆ ಬಂದಾಗ, ಕೂಸು ಕಿರುಚುತ್ತಿದ್ದರೂ ಬಿಡದೆ, ಎಡಗೈಯ ಒಳಮಗ್ಗುಲಿಗೆ ಐದು ಬೆರಳಿನ ಪುಟ್ಟ ಪಂಜೆಯನ್ನು ಹಸಿರಾಗಿ ಚುಚ್ಚಿಸಿದಳು. ದೇವರು ತನ್ನದನ್ನು ಗುರುತು ಹಿಡಿಯಲಿ ಎಂಬುದಷ್ಟೇ ಅವಳ ಎಣಿಕೆ.

ನೂರಸಾಬನ ಹೆಂಡತಿ ಸರ್ದಾರಬೀ ಮತ್ತು ಪಕ್ಕೀರವ್ವ ಒಂದೇ ತಂಡದಲ್ಲಿ ನಾಟಿಗೆ ಹೋಗುತ್ತಿದ್ದರು. ಕೆಸರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಊರುವ ಹೆಂಗಸರಿಗೆ ಬಾಯಿ ಸುಮ್ಮನಿದ್ದರೆ ನಡು ಹೆಚ್ಚು ನೋಯುತ್ತದೆ. ಸರ್ದಾರಬೀಯ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏ ಪಕ್ಕೀರಿ, ನನ್ನ ಗಂಡ ನಿನ್ನ ಮಗಗ ದೇವರ ಹೆಸರ ಇಟ್ಟ. ನನ್ನ ಮಗಗ ಏನ ಇಟ್ಟ ನೋಡು, ರಾಜಾಸಾಬ ಅಂತ. ರಾಜಾನೂ ಆಗಲಿಲ್ಲ, ಸಾಬನೂ ಆಗಲಿಲ್ಲ, ಟ್ರ್ಯಾಕ್ಟರ್ ಹೊಡಕೋತ ಹೊಂಟಾನ."

"ನಿನ್ನ ಮಗ ಟ್ರ್ಯಾಕ್ಟರ್ ಆದರೂ ಹೊಡೀತಾನ. ನನ್ನ ಮಗ ಸಾಲಿಗೆ ಹೋಗಂದರ ಕಾಲುವಿಗೆ ಹೋಗಿ ಕುಂದರತಾನ," ಎನ್ನುತ್ತಿದ್ದಳು ಪಕ್ಕೀರವ್ವ.

"ಕುಂದರಲಿ ಬಿಡ. ಹೆಗಲು ಬಲೀತಂದರ ದೇವರನ್ನ ಹೊರತಾನ. ಸಾಲಿ ಮಾಸ್ತರ ಹೊರತಾನೇನು?"

ಸಣ್ಣಪ್ಪ ಭತ್ತದ ಲಾರಿಯ ಮೇಲಿಂದ ಬಿದ್ದು ಸತ್ತಾಗ ಹುಸೇನಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಆ ವರ್ಷದ ಮೊಹರಮ್ಮಿನಲ್ಲಿ ನೂರಸಾಬ ಪಂಜೆಯ ಕೋಲನ್ನು ಹುಡುಗನ ಹೆಗಲಿಗಿಟ್ಟು, ಬೀಳದಂತೆ ಹಿಂದಿನಿಂದ ತಾನು ನಡು ಹಿಡಿದುಕೊಂಡ. ಹುಡುಗ ಹೆಜ್ಜೆ ಹಾಕಿದ. ಅಂಗಳ ಅಂಗಳದಲ್ಲಿ ಹೆಂಗಸರು ಅವನ ಪಾದಕ್ಕೆ ಕೊಡದ ನೀರು ಸುರಿದು, ಬಗ್ಗಿ ಕಣ್ಣಿಗೆ ಒತ್ತಿಕೊಂಡರು. ತನ್ನ ಮಗನ ಕಾಲಿಗೆ ಗೌಡರ ಮನೆಯ ಹಿರಿಯಳು ಬಗ್ಗುವುದನ್ನು ಪಕ್ಕೀರವ್ವ ಗೋಡೆಯ ಮರೆಯಲ್ಲಿ ನಿಂತು ನೋಡಿದಳು. ಬದುಕಿನಲ್ಲಿ ಅವಳು ಹೆಮ್ಮೆಪಟ್ಟ ದಿನಗಳು ಹೆಚ್ಚಿಲ್ಲ. ಇದ್ದವುಗಳಲ್ಲಿ ಅದೇ ದೊಡ್ಡದು.

ಮುಂದೆ ಐಟಿಐ ಕಲಿಯಲು ಅವನು ಗಂಗಾವತಿಗೆ ಹೋದ. ಹೋದ ತಿಂಗಳೊಳಗೆ ತಿರುಗಿ ಬಂದು, ಚೀಲವನ್ನು ಮೂಲೆಗೆಸೆದು, ಕಂಬಕ್ಕೆ ಒರಗಿ ಕುಳಿತುಬಿಟ್ಟ. ತಾಯಿ ರೊಟ್ಟಿ ಮುಂದಿಟ್ಟ ಮೇಲೆ ಬಾಯಿಬಿಟ್ಟ.

"ಯವ್ವಾ, ನನಗ ಈ ಹೆಸರ ಯಾಕ ಇಟ್ಟಿ?"

"ನೀ ಉಳೀಲಿ ಅಂತ ಇಟ್ಟೆ."

"ಗಂಗಾವತ್ಯಾಗ ಬಾಡಿಗಿ ಖೋಲಿ ಕೇಳಾಕ ಹ್ವಾದೆ. ಹೆಸರ ಏನ ಅಂದರು. ಹುಸೇನಪ್ಪ ಅಂದೆ. ಖೋಲಿ ಇಲ್ಲ ಅಂದರು. ನಾವು ಹಿಂದೂನ ಅದೀವ್ರಿ ಅಂದೆ. ನಕ್ಕರು. ಇನ್ನೊಂದು ಓಣ್ಯಾಗ ಹ್ವಾದೆ, ಅಲ್ಲಿ ಸಾಬರು ಇದ್ದರು. ಹೆಸರ ಕೇಳಿ ಬಾ ಅಂತ ಕುಂದರಿಸಿದರು, ಚಾ ಕೊಟ್ಟರು. ನಿಮ್ಮದು ಯಾವ ಜಮಾತು ಅಂದರು. ನನಗ ಗೊತ್ತಿಲ್ಲ ಅಂದೆ. ಅವರೂ ಎದ್ದರು. ಇಬ್ಬರಿಗೂ ಬ್ಯಾಡಾದ ಹೆಸರ ಹುಡುಕಿ ಇಟ್ಟೀಯಲ್ಲ ಯವ್ವಾ."

"ಅವರಿಗೆ ತಿಳಿದಿಲ್ಲ ಬಿಡಪಾ. ನಮ್ಮ ಸೀಮ್ಯಾಗ ಇಂಥಾ ಹೆಸರ ಮನಿಗೊಂದು ಅದಾವು."

"ನಿನ್ನ ಸೀಮಿ ಗಂಗಾವತಿ ತನಕಾನೂ ಬರೂದಿಲ್ಲ," ಎಂದ ಅವನು.

ಹಾಗೆಂದವನು ಮೊಹರಮ್ಮಿನಲ್ಲಿ ದೇವರನ್ನು ಹೊರಲು ಬರಲಿಲ್ಲ. ಕಲಿಯುವುದನ್ನು ಅರ್ಧಕ್ಕೆ ಬಿಟ್ಟು ಕಾರಟಗಿಯ ಗಿರಣಿಯೊಂದರಲ್ಲಿ ಯಂತ್ರದ ಕೆಲಸಕ್ಕೆ ಸೇರಿದ. ಗಿರಣಿಯ ಮಾಲೀಕನ ಮಗ ಪ್ರಭುರಾಜ ತರುಣರ ಸಂಘಟನೆಯೊಂದನ್ನು ಕಟ್ಟಿದ್ದ. ಸಂಜೆ ಗಿರಣಿಯ ಹಿಂದಿನ ಬಯಲಿನಲ್ಲಿ ಹುಡುಗರನ್ನು ಸೇರಿಸಿ, ನಿಮ್ಮ ನೆಲ ಹೋಗುತ್ತಿದೆ, ನಿಮ್ಮ ದೇವರು ಹೋಗುತ್ತಿದ್ದಾನೆ, ನೀವು ಮಲಗಿದ್ದೀರಿ ಎಂದು ಹೇಳುತ್ತಿದ್ದ. ಮೆತ್ತಗಿನ ದನಿಯಲ್ಲಿ, ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದ. ಖೋಲಿ ಸಿಗದ ಹುಡುಗನಿಗೆ ಆ ಕೈ ಬೇಕಾಗಿತ್ತು. ಆದರೆ ಅಲ್ಲಿಯೂ ಹೆಸರು ಅವನ ಬೆನ್ನು ಬಿಡಲಿಲ್ಲ.

"ಏನಪಾ ಹುಸೇನ, ಇವತ್ತ ಶುಕ್ರವಾರ. ನಮಾಜಿಗೆ ಹೋಗಲಿಲ್ಲೇನು?" ಎಂದು ಒಬ್ಬ ಕೇಳಿದರೆ, "ಏ ಸುಮ್ನಿರೋ, ಅವ ನಮ್ಮಾವ. ಅರ್ಧಾ," ಎಂದು ಇನ್ನೊಬ್ಬ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಹುಸೇನಪ್ಪನೇ ನಗುತ್ತಿದ್ದ ಎಂಬುದನ್ನು, ಅದೇ ಗಿರಣಿಗೆ ಭತ್ತ ತರುತ್ತಿದ್ದ ರಾಜಾಸಾಬ ಒಮ್ಮೆ ಪಕ್ಕೀರವ್ವನಿಗೆ ಹೇಳಿದ. ಅವರ ಕುಹಕಕ್ಕಿಂತ ಮಗನ ಆ ನಗುವೇ ಅವಳನ್ನು ಹೆಚ್ಚು ಚುಚ್ಚಿತು.

ಕೆಲವು ತಿಂಗಳು ಕಳೆಯುವುದರೊಳಗೆ ಅವನು ಹೊಸ ಹೆಸರಿಟ್ಟುಕೊಂಡ. ರಾಮಾಂಜನೇಯ. ಅಂಜನಾದ್ರಿಯ ಮೆಟ್ಟಿಲು ಹತ್ತಿ, ಮಾಲೆ ಹಾಕಿಸಿಕೊಂಡು ಬಂದು, ಇನ್ನು ಮೇಲೆ ಹಾಗೆಯೇ ಕರೆಯಬೇಕೆಂದು ತಾಯಿಗೆ ಹೇಳಿದ. ಹನುಮಪ್ಪ ಪಕ್ಕೀರವ್ವನಿಗೆ ಹೊಸಬನೇನಲ್ಲ. ತವರಿನ ಜಗಲಿಯಿಂದಲೂ ಜೊತೆಗಿದ್ದವನು. ಅವನ ಹೆಸರಿನ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಆದರೆ ಒಂದು ದೇವರಿಗೆ ಕೊಟ್ಟ ಮಾತನ್ನು ಇನ್ನೊಂದು ದೇವರ ಹೆಸರು ಹಿಡಿದು ಮುರಿದರೆ ಇಬ್ಬರೂ ಮೆಚ್ಚುವುದಿಲ್ಲವೆಂಬುದು ಅವಳ ತಿಳಿವಳಿಕೆ. ಆ ಹೆಸರು ಅವಳ ಬಾಯಿಗೆ ಬರಲಿಲ್ಲ. ಅಂದಿನಿಂದ ಮಗನನ್ನು ಬರೀ "ಯಪ್ಪಾ" ಎಂದು ಕರೆದು ದಿನ ನೂಕಿದಳು.

"ನೀನೂ ಹೆಸರ ಬದಲಿ ಮಾಡಕೋ," ಎಂದ ಅವನು ಒಂದು ದಿನ, ನಗದೆಯೇ.

"ನನಗ ಏನಂತ ಇಡತೀ?"

"ಯಾವುದಾದರೂ ಒಂದು ಇಡತೀನಿ. ಪಕ್ಕೀರವ್ವ ಬ್ಯಾಡ. ನಮ್ಮ ಹುಡುಗರ ಮುಂದ ನಿಮ್ಮ ತಾಯಿ ಹೆಸರೇನ ಅಂದರ ನಾ ಹೇಳಾಂಗಿಲ್ಲ."

"ತಾಯಿ ಸತ್ತಾಳ ಅನ್ನು," ಎಂದು ಅವಳು ಎದ್ದು ಒಲೆಯ ಕಡೆಗೆ ಹೋದಳು. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ.

ಬೇಸಿಗೆಯಲ್ಲಿ, ಊರೆಲ್ಲ ಬನಿಯನ್ನಿನ ಮೇಲೆ ತಿರುಗುವ ಕಾಲದಲ್ಲಿ, ಅವನು ತುಂಬುತೋಳಿನ ಅಂಗಿಯ ಗುಂಡಿಯನ್ನು ಮಣಿಕಟ್ಟಿನವರೆಗೆ ಹಾಕಿಕೊಂಡು ಅಡ್ಡಾಡುತ್ತಿದ್ದ. ಅದು ಯಾಕೆಂದು ಪಕ್ಕೀರವ್ವನಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಮನೆಗೆ ಬಂದವನ ಎಡತೋಳು ಅಂಗಿಗೆ ಅಂಟಿಕೊಂಡಿತ್ತು. ಬಲವಂತದಿಂದ ತೋಳು ಸರಿಸಿ ನೋಡಿದಳು. ಪಂಜೆ ಇದ್ದ ಜಾಗದಲ್ಲಿ ಚರ್ಮ ಸುಟ್ಟು, ಗುಳ್ಳೆಯೊಡೆದು, ಕೆಂಪು ಮಾಂಸ ಕಾಣುತ್ತಿತ್ತು.

"ಗಾಡಿ ಸೈಲೆನ್ಸರ್ ತಾಗೇತಿ," ಎಂದ.

"ಸೈಲೆನ್ಸರ್ ಕಾಲಿಗೆ ತಾಗತೈತಿ. ಕೈಗೆ ಹೆಂಗ ತಾಗತೈತಿ?"

ಅವನು ತೋಳನ್ನು ಕೊಸರಿಕೊಂಡ. ಕಾದ ಸೈಲೆನ್ಸರಿಗೆ ತೋಳನ್ನು ತಾನೇ ಒತ್ತಿ, ಹಸಿರು ಹೋಗುವವರೆಗೆ ಹಲ್ಲು ಕಚ್ಚಿ ನಿಂತಿರಬೇಕು. ಯಾರಾದರೂ ನೋಡುತ್ತಿದ್ದರೋ, ಒಬ್ಬನೇ ಇದ್ದನೋ? ಒಬ್ಬನೇ ಇದ್ದಿದ್ದರೆ ಇನ್ನೂ ಕೆಟ್ಟದ್ದು ಎಂದು ಅವಳಿಗೆ ಅನ್ನಿಸಿತು. ಬೇರೆಯವರ ಮೇಲಿನ ಸಿಟ್ಟು ಇಳಿಯಬಹುದು. ತನ್ನ ಚರ್ಮದ ಮೇಲೆ ಸಿಟ್ಟಾದವನು ಎಲ್ಲಿ ಹೋಗಿ ಆ ಸಿಟ್ಟು ಇಳಿಸಿಯಾನು? ಸರ್ದಾರಬೀ ಸುಣ್ಣದ ತಿಳಿಯಲ್ಲಿ ಕೊಬ್ಬರಿ ಎಣ್ಣೆ ಕಡೆದು, ಬೆಣ್ಣೆಯಂತೆ ಮಾಡಿ ಬಟ್ಟಲಿನಲ್ಲಿ ತಂದುಕೊಟ್ಟಳು. ಯಾರು ಕೊಟ್ಟದ್ದೆಂದು ಹೇಳದೆ ಪಕ್ಕೀರವ್ವ ಅದನ್ನು ಹಚ್ಚಿದಳು. ಗಾಯ ಮಾಯಿತು. ಬೆರಳುಗಳಿದ್ದಲ್ಲಿ ನುಣ್ಣನೆಯ ಬಿಳಿ ಕಲೆ ಉಳಿಯಿತು.

ಇತ್ತ ಮಸೂತಿಯಲ್ಲಿ ದೇವರು ಪ್ರತಿವರ್ಷ ಕೂಡುತ್ತಿತ್ತು, ಏಳುತ್ತಿರಲಿಲ್ಲ. ಊರ ಮುಸಲ್ಮಾನ ಹುಡುಗರಲ್ಲೂ ಕೆಲವರು ಇದು ನಮ್ಮ ಧರ್ಮದಲ್ಲಿ ಇಲ್ಲದ್ದೆಂದು ಕುಣಿಯ ಹತ್ತಿರ ಬರುವುದನ್ನು ಬಿಟ್ಟಿದ್ದರು. ಹಿರಿಯರು ಕೂಡಿ, ಬೇರೆ ಯಾರಿಗಾದರೂ ಹೊರಿಸೋಣವೆಂದರೆ ನೂರಸಾಬ ಒಪ್ಪಲಿಲ್ಲ.

"ಹೆಗಲು ಸಣ್ಣಪ್ಪನ ಮನೀದು. ಆ ಮನ್ಯಾಗ ಗಂಡಸ ಮಗ ಜೀವಂತ ಅದಾನ. ಅವ ಬರೂತನಾ ದೇವರು ಕುಂತಿರತಾನ. ದೇವರಿಗೆ ಎಲ್ಲಿ ಗಡಿಬಿಡಿ ಐತಿ?"

ಅವನ ಆ ಹಟ ಪಕ್ಕೀರವ್ವನಿಗೆ ಮರ್ಯಾದೆಯೂ ಆಗಿತ್ತು, ಮುಳ್ಳೂ ಆಗಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಮಗ ಒಂದೇ ಒಂದು ಸಲ ಬಂದು ಹೆಗಲು ಕೊಟ್ಟು, ಆಮೇಲೆ ಬೇಕಾದ ಹೆಸರಿಟ್ಟುಕೊಂಡು ಬೇಕಾದಲ್ಲಿರಲಿ, ಅಷ್ಟಾದರೆ ತನ್ನ ಮಗ ತನಗೆ ಉಳಿದಂತೆ ಎಂದು ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಆ ಗಂಟೇ ಅವಳ ಕಣ್ಣು ಕಟ್ಟಿತು.

ಹೋದ ಮೊಹರಮ್ಮಿನ ಮಾತು. ದೇವರು ಕೂತಿತ್ತು. ಊರಿನವರೆಲ್ಲ ಸಸಿಮಡಿಯ ಕೆಲಸಕ್ಕೆ ಗದ್ದೆಗೆ ಹೋಗಿದ್ದರು. ಪಕ್ಕೀರವ್ವ ಮೈಯಲ್ಲಿ ಸೌಖ್ಯವಿಲ್ಲದೆ ಮನೆಯಲ್ಲೇ ಉಳಿದಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೋಟಾರು ಗಾಡಿಯ ಸದ್ದು ಬಂತು. ಕೆಲಸದ ದಿನ ಎಂದೂ ಬಾರದ ಮಗ ಬಾಗಿಲಲ್ಲಿ ನಿಂತಿದ್ದ. ನೀರು ಕೇಳಿದ. ಕುಡಿದ. ರೊಟ್ಟಿ ಕೊಟ್ಟರೆ ಉಂಡ, ಬಹಳ ದಿನಗಳ ಮೇಲೆ ಪುಂಡಿಸೊಪ್ಪಿನ ಪಲ್ಯ ಇನ್ನೊಮ್ಮೆ ಹಾಕಿಸಿಕೊಂಡ. ಕೈ ತೊಳೆಯುತ್ತ, ಬೇರೆ ಕಡೆ ನೋಡುತ್ತ ಕೇಳಿದ.

"ಮಸೂತ್ಯಾಗ ಯಾರ ಅದಾರು?"

ಯಾರೂ ನೋಡದ ಹೊತ್ತಿನಲ್ಲಿ ಹೋಗಿ ದೇವರಿಗೆ ತಪ್ಪಾಯಿತೆನ್ನಲು ಬಂದಿದ್ದಾನೆ, ಗೆಳೆಯರ ಅಂಜಿಕೆಗೆ ಕದ್ದು ಬಂದಿದ್ದಾನೆ ಎಂದು ಅವಳು ತಿಳಿದಳು. ಆ ಸೀಮೆಯ ಯಾವ ತಾಯಿಯಾದರೂ ಹಾಗೆಯೇ ತಿಳಿಯುತ್ತಿದ್ದಳು. ಹರಕೆ ತಪ್ಪಿದವರು ಹಾಗೆ ಮಧ್ಯಾಹ್ನ ಒಬ್ಬರೇ ಹೋಗಿ ಸಕ್ಕರೆಯಿಟ್ಟು ಗಲ್ಲ ಬಡಿದುಕೊಂಡು ಬರುವುದು ಅಲ್ಲಿ ಎಲ್ಲರೂ ಕಂಡದ್ದು.

"ಯಾರೂ ಇಲ್ಲ ಯಪ್ಪಾ. ನೂರಸಾಬ ಕಾಕಾ ಲೋಬಾನ ತರಾಕ ಕಾರಟಗಿಗೆ ಹೋಗ್ಯಾನ. ಮುಂಜಾನಿ ಬಸ್ಸಿಗೆ ಹೋಗೂದು ನಾ ನೋಡೀನಿ. ಹೋಗು. ಯಾರೂ ನೋಡೂದಿಲ್ಲ."

ಡಬ್ಬಿಯಲ್ಲಿದ್ದ ಸಕ್ಕರೆಯನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಅವನ ಕೈಗಿಟ್ಟಳು. ಅವನು ಗಂಟನ್ನು ನೋಡಿದ, ತಾಯಿಯ ಮುಖವನ್ನು ನೋಡಿದ. ಮತ್ತೆ ಗಂಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದ. ಓಣಿಯ ತಿರುವಿನಲ್ಲಿ ಇನ್ನೂ ಎರಡು ಗಾಡಿಗಳು ಕಾಯುತ್ತಿದ್ದವೆಂಬುದು ಅವಳಿಗೆ ಕಾಣಲಿಲ್ಲ.

ಅವಳು ಅಂಗಳ ಗುಡಿಸಿದಳು. ಸಣ್ಣಪ್ಪನ ಮೊಹರಮ್ಮಿನ ರುಮಾಲನ್ನು ಪೆಟ್ಟಿಗೆಯಿಂದ ತೆಗೆದು ಕೊಡವಿ ಬಿಸಿಲಿಗೆ ಹಾಕಿದಳು. ಹೊರಗೆ ಬಂದು ನೋಡಿದರೆ ಮಸೂತಿಯ ಮೇಲೆ ಹೊಗೆ ಏಳುತ್ತಿತ್ತು. ಮಗ ದೇವರಿಗೆ ಲೋಬಾನ ಹಾಕಿದ್ದಾನೆಂದುಕೊಂಡು ಪಕ್ಕೀರವ್ವ ಆ ಹೊಗೆಗೆ ಎರಡೂ ಕೈ ಎತ್ತಿ ಮುಗಿದಳು.

ಹೊಗೆ ಕಪ್ಪಾಯಿತು. ಯಾರೋ ಕೂಗಿದರು.

ನೂರಸಾಬ ಕಾರಟಗಿಗೆ ಹೋಗಿರಲಿಲ್ಲ. ಬಸ್ಸಿಗೆ ಕಾಯುತ್ತಿರುವಾಗ ಚಳಿಜ್ವರ ಬಂದು ತಿರುಗಿ, ಮಸೂತಿಯೊಳಗೆ ಹಸಿರು ಪರದೆಯ ಹಿಂದೆ ಕಂಬಳಿ ಹೊದ್ದು ಮಲಗಿದ್ದ. ಪೆಟ್ರೋಲು ಸುರಿದದ್ದು ಬಾಗಿಲಿಗೆ ಮತ್ತು ತಟ್ಟಿಯ ಗೋಡೆಗೆ. ಊರ ಜನ ಗದ್ದೆಯಿಂದ ಓಡಿ ಬಂದಾಗ ಜೊತೆ ಬಂದಿದ್ದ ಗಿರಣಿಯ ಹುಡುಗರ ಗಾಡಿಗಳು ಕಾಲುವೆಯ ದಾರಿ ಹಿಡಿದು ಹೋಗಿಯಾಗಿತ್ತು. ಹುಸೇನಪ್ಪ ಬೇವಿನ ಗಿಡದ ಕೆಳಗೆ ಕುಳಿತಿದ್ದ. ಹುಬ್ಬು ಸುಟ್ಟಿತ್ತು, ಅಂಗೈಯ ತೊಗಲು ಸುಲಿದಿತ್ತು. ಉರಿಯುವ ಬಾಗಿಲನ್ನು ಒದ್ದು ಒಳಗೆ ನುಗ್ಗಿ ಅವನೇ ಎಳೆದು ತಂದ ನೂರಸಾಬನ ತಲೆ ಅವನ ತೊಡೆಯ ಮೇಲಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಓಡಿ ಬಂದ ಸರ್ದಾರಬೀ ಮೊದಲು ಗಂಡನನ್ನು ನೋಡಲಿಲ್ಲ, ಆ ಹುಡುಗನ ಮುಖ ನೋಡಿದಳು. ನೋಡಿದೊಡನೆ ಅವಳಿಗೆ ತಿಳಿಯಿತು.

ನೂರಸಾಬ ಕೊಪ್ಪಳದ ಆಸ್ಪತ್ರೆಯಲ್ಲಿ ಕೆಲವು ದಿನ ಬದುಕಿದ್ದ. ಹೇಳಿಕೆ ಬರೆದುಕೊಳ್ಳಲು ಬಂದ ಅಧಿಕಾರಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದ. ಸಣ್ಣಪ್ಪನ ಮಗ ಹುಸೇನಪ್ಪ ಬೆಂಕಿ ಹಚ್ಚಿದ. ಸಣ್ಣಪ್ಪನ ಮಗ ಹುಸೇನಪ್ಪನೇ ಹೊರಗೆ ತಂದ. ಹೆಚ್ಚು ಹೇಳಲಿಲ್ಲ, ಕಡಿಮೆ ಹೇಳಲಿಲ್ಲ. ಆಮೇಲೆ ಸತ್ತ.

ಪೊಲೀಸರು ಪಕ್ಕೀರವ್ವನನ್ನೂ ಕೇಳಿದರು. "ಒಳಗ ಯಾರೂ ಇಲ್ಲಂತ ಹೇಳಿದಾಕಿ ನಾನ. ಬರಕೋರಿ," ಎಂದಳು. ಮಗನ ಜೇಬಿನಲ್ಲಿ ಸಿಕ್ಕ ಸಕ್ಕರೆಯ ಗಂಟು ಯಾರದೆಂದು ಕೇಳಿದಾಗ ಅವಳು ಅದನ್ನು ಬಿಚ್ಚಿ ನೋಡಿದಳು. ಸಕ್ಕರೆ ಕರಗಿ, ಕಂದಾಗಿ, ಬಟ್ಟೆಗೆ ಕಚ್ಚಿಕೊಂಡಿತ್ತು.

ಜೈಲು ಸೇರಿದ ಮಗನಿಗೆ ವಕೀಲರನ್ನು ಹಿಡಿದುಕೊಡಲು ಬೇಡಿಕೊಳ್ಳಲೆಂದು ಅವಳು ಕಾರಟಗಿಯ ಗಿರಣಿಗೆ ಹೋದಳು. ಪ್ರಭುರಾಜ ಅವಳಿಗೆ ಕೂರಲು ಕುರ್ಚಿ ಹಾಕಿಸಿದ. ದನಿ ಅದೇ ಮೆತ್ತಗಿನದು.

"ಯಮ್ಮಾ, ನಮ್ಮ ಸಂಘಟನ್ಯಾಗ ಇದ್ದ ಹುಡುಗ ರಾಮಾಂಜನೇಯ. ಜೈಲಿನ್ಯಾಗ ಇರಾವ ಹುಸೇನಪ್ಪ. ಅವ ಯಾವ ಹುಸೇನನೋ ನಮಗೇನ ಗೊತ್ತು? ಮಸೂತಿ ಅವರದು, ಹೆಸರು ಅವರದು, ಜಗಳ ಅವರವರದು."

"ನೀವ ಕರೀತಿದ್ದ ಹೆಸರಲ್ಲೇನ್ರಿ ಅದು, ರಾಮಾಂಜನೇಯ?"

"ಹೆಸರು ಬಾಯಿ ಮಾತಿಲೆ ಬದಲಿ ಆಗೂದಿಲ್ಲ ಯಮ್ಮಾ," ಎಂದು ಅವನು ಎದ್ದ.

ಅಷ್ಟರಲ್ಲಿ ಅದೇ ಮಾತು ಫೋನಿನಿಂದ ಫೋನಿಗೆ ಹಾರಿ ಕುಷ್ಟಗಿಯವರೆಗೆ ತಲುಪಿತ್ತು. ಹುಸೇನ ಎಂಬವನು ತಮ್ಮ ಮಸೂತಿಗೆ ತಾನೇ ಬೆಂಕಿ ಹಚ್ಚಿ ಬೇರೆಯವರ ಮೇಲೆ ಹಾಕಲು ನೋಡಿದನಂತೆ. ಮೈಮೇಲಿನ ಪಂಜೆಯನ್ನು ಸುಟ್ಟುಕೊಂಡು ಯಾರ ಮಗ್ಗುಲಲ್ಲಿ ನಿಲ್ಲಲು ಅವನು ಹಾತೊರೆದನೋ, ಅವರು ಆ ಸುಟ್ಟ ಕಲೆಯನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನೂರಸಾಬ ಸತ್ತ ನಲವತ್ತನೆಯ ದಿನದ ಫಾತೇಹಾ ಮುಗಿದ ಮೇಲೆ ಪಕ್ಕೀರವ್ವ ಧೈರ್ಯ ಮಾಡಿ ಸರ್ದಾರಬೀಯ ಅಂಗಳಕ್ಕೆ ಹೋದಳು. ಸರ್ದಾರಬೀ ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. ಪಕ್ಕೀರವ್ವ ಅಳತೊಡಗಿದಳು.

"ಅಳಬ್ಯಾಡ ಪಕ್ಕೀರಿ," ಎಂದಳು ಸರ್ದಾರಬೀ. "ನೀ ಅತ್ತರ ನಾ ಸಮಾಧಾನ ಮಾಡಬೇಕಾಗತೈತಿ. ನನ್ನ ಹತ್ರ ಅಷ್ಟ ಕಸುವಿಲ್ಲ."

ಪಕ್ಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿನ್ನ ಮಗ ಅಂತ ನಾ ಅನ್ನೂದಿಲ್ಲ. ಅವಗ ಹೆಸರ ಇಟ್ಟಾವ ನನ್ನ ಗಂಡ. ಹೆಸರ ಇಟ್ಟ ಕೂಸ ಅವನನ್ನ ಸುಟ್ಟಿತು. ಇದನ್ನ ನಾ ಯಾರ ಮುಂದ ಹೇಳಲಿ, ಯಾರನ್ನ ಬೈಯಲಿ? ನೀ ಮನಿಗೆ ಹೋಗು. ನಾಟಿಗೆ ಬಾ, ಬ್ಯಾಡ ಅನ್ನೂದಿಲ್ಲ. ನನ್ನ ಮಗ್ಗಲಿಗೆ ಮಾತ್ರ ನಿಂದರಬ್ಯಾಡ."

ಹಾಗೆಯೇ ನಡೆಯುತ್ತಿದೆ. ಒಂದೇ ಗದ್ದೆಯಲ್ಲಿ ಸಾಲಿನ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು. ನಡುವಿನ ಹೆಂಗಸರು ಯಾರೂ ನಗೆಯ ಮಾತಾಡುವುದಿಲ್ಲ. ಕರಿಹಿಡಿದು ಸೊಟ್ಟಗಾದ ಪಂಜೆಯನ್ನು ರಾಜಾಸಾಬ ಬೂದಿಯಿಂದ ಹೆಕ್ಕಿ ಪೆಟ್ಟಿಗೆಯಲ್ಲಿಟ್ಟಿದ್ದಾನೆ. ಕಿರುಬೆರಳು ಕರಗಿ ಹೋಗಿದೆ.

ಕಾರಟಗಿಯಿಂದ ಮುಂಜಾನೆಯ ರೈಲು ಹತ್ತಿದರೆ ಕೊಪ್ಪಳ ತಲುಪಬಹುದು. ಪಕ್ಕೀರವ್ವ ರೊಟ್ಟಿಯ ಗಂಟು ಹಿಡಿದು ಜೈಲಿನ ಬಾಗಿಲಿಗೆ ಹೋಗತೊಡಗಿದಳು. ಬಾಗಿಲಲ್ಲಿ ಗೋಣೆಪ್ಪ ಎಂಬ ವಯಸ್ಸಾದ ಕಾವಲಿನವನಿದ್ದ. ಅವನು ಒಳಗೆ ಹೋಗಿ "ಹುಸೇನಪ್ಪ ಸಣ್ಣಪ್ಪ!" ಎಂದು ಕೂಗುವುದು ಹೊರಗೆ ಕೇಳಿಸುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಮೊದಲ ಸಲ ಬರಲಿಲ್ಲ, ಮರುಸಲ ಬರಲಿಲ್ಲ, ಆಮೇಲೆಯೂ ಬರಲಿಲ್ಲ.

"ಕುಂತಾನ ಯಮ್ಮಾ, ಗ್ವಾಡಿ ಕಡೆ ಮಾರಿ ಮಾಡಿ. ಹೆಸರ ಹಿಡಿದು ಕರೆದರ ಕಿವುಡರಂಗ ಇರತಾನ. ಹಿಂದೂ ಹುಡುಗರ ಜೊತಿಗೂ ಉಣ್ಣಾಂಗಿಲ್ಲ, ಸಾಬರ ಹುಡುಗರ ಜೊತಿಗೂ ಉಣ್ಣಾಂಗಿಲ್ಲ. ಅವರೂ ಕರೆಯಾಂಗಿಲ್ಲ ಅನ್ನು," ಎಂದ ಗೋಣೆಪ್ಪ.

ಪಕ್ಕೀರವ್ವ ಜೈಲಿನ ಎದುರಿನ ಗಿಡದ ನೆರಳಿನಲ್ಲಿ ಬಹಳ ಹೊತ್ತು ಕುಳಿತಳು. ದೇವರಿಗೆ ಮಾತು ಕೊಟ್ಟು ಇಟ್ಟ ಹೆಸರು. ಮಗ ಉಳಿಯಲೆಂದು ಇಟ್ಟದ್ದು. ಮಗ ಉಳಿಯುವುದಕ್ಕೆ ಅದನ್ನು ಬಿಡಬೇಕಾದರೆ ಬಿಡುವುದು, ದೇವರ ಶಾಪ ತನ್ನ ತಲೆಗೆ ಬರಲಿ ಎಂದು ತೀರ್ಮಾನಿಸಿ ಎದ್ದಳು.

"ಯಣ್ಣಾ, ರಾಮಾಂಜನೇಯ ಅಂತ ಕರೀರಿ."

"ಅಂಥಾ ಹೆಸರಿನಾವ ಇಲ್ಲಿ ಯಾರೂ ಇಲ್ಲ ಯಮ್ಮಾ."

"ಅದಾನ. ಒಂದ ಸಲ ಕರೀರಿ."

ಗೋಣೆಪ್ಪ ಅವಳ ಮುಖ ನೋಡಿ ಒಳಗೆ ಹೋದ. ಆ ಹೆಸರು ಒಳಗೆ ಒಮ್ಮೆ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ತಂತಿಬಲೆಯ ಆಚೆ ಮಗ ಬಂದು ನಿಂತ. ಹುಬ್ಬು ಮತ್ತೆ ಬೆಳೆದಿರಲಿಲ್ಲ. ಅದಕ್ಕೇ ಇರಬೇಕು, ಯಾವಾಗಲೂ ಏನನ್ನೋ ಕಂಡು ಬೆರಗಾದವನ ಮುಖ.

"ರಾಮಾಂಜನೇಯಾ," ಎಂದಳು ಪಕ್ಕೀರವ್ವ. ಅವಳ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು.

"ಹಂಗ ಅನಬ್ಯಾಡ ಯವ್ವಾ. ಅಂಥಾವ ಯಾರೂ ಇಲ್ಲಂತ ಗಿರಣಿಯವರ ಹೇಳ್ಯಾರ. ಇನ್ನೊಮ್ಮಿ ಹಂಗ ಕರೀಬ್ಯಾಡ ಅಂತ ಹೇಳಾಕ ಬಂದೆ."

"ಆತು ಬಿಡಪಾ. ಮೊದಲಿನಂಗ ಹುಸೇನಿ ಅಂತೀನಿ."

ಅವನು ಎರಡೂ ಕೈಯಿಂದ ಬಲೆಯನ್ನು ಹಿಡಿದುಕೊಂಡ.

"ಅದನ್ನ ಅಂತೂ ಬ್ಯಾಡವ್ವ. ಬೆಂಕಿ ಹತ್ತಿದ ಮ್ಯಾಲ ಕಾಕಾ ಒಳಗಿಂದ ಹಂಗ ಕರೆದ. ನನ್ನ ಗಾಡಿ ಸಪ್ಪಳ ಕೇಳಿದ್ದನಂತ ಕಾಣತೈತಿ. 'ಹುಸೇನಿ, ಬಂದೇನಪಾ?' ಅಂದ. ದೇವರನ್ನ ಹೊರಾಕ ಬಂದೀನಿ ಅಂತ ತಿಳಿದ ಯವ್ವಾ. ಇನ್ನೂ ಹೊಗಿ ಮಾರಿಗೆ ಬಡಿದಿದ್ದಿಲ್ಲ. ಖುಷಿಲೆ ಕರೆದ."

ಪಕ್ಕೀರವ್ವನಿಗೆ ತಾನು ಕೈ ಮುಗಿದ ಹೊಗೆ ಕಣ್ಣ ಮುಂದೆ ಬಂತು. ಮೂವರೂ ಒಂದೇ ಹೊತ್ತಿಗೆ, ಒಬ್ಬರು ಅಂಗಳದಲ್ಲಿ, ಒಬ್ಬರು ಪರದೆಯ ಹಿಂದೆ, ಒಬ್ಬರು ಬಾಗಿಲ ಹೊರಗೆ. ಇಬ್ಬರು ಅವನು ಬಂದನೆಂದು ಸಂತೋಷಪಟ್ಟಿದ್ದರು.

"ಮತ್ತ ಏನಂತ ಕರೀಲೋ ಯಪ್ಪಾ ನಿನ್ನ?"

ಅವನು ಎಡತೋಳಿನ ಬಿಳಿ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತಿದ್ದ, ಅಳಿಸುತ್ತಿದ್ದನೋ ಹುಡುಕುತ್ತಿದ್ದನೋ ತಿಳಿಯುವಂತಿರಲಿಲ್ಲ. ಹೊತ್ತಾಯಿತೆಂದು ಗೋಣೆಪ್ಪ ಕೆಮ್ಮಿದ. ಮಗ ತಿರುಗಿ ನಡೆದ. ಅವನನ್ನು ನಿಲ್ಲಿಸಲು ಪಕ್ಕೀರವ್ವ ಬಾಯಿ ತೆರೆದಳು. ತೆರೆದ ಬಾಯಿಗೆ ಹೆಸರು ಸಿಗದೆ ಹಾಗೆಯೇ ನಿಂತಳು. ಅವನು ಒಳಗೆ ಹೋದ.

ಈಗಲೂ ಅವಳು ಹೋಗುತ್ತಾಳೆ. ನಾಟಿಯ ಕೆಲಸ ಇಲ್ಲದ ದಿನ, ಅದೇ ರೈಲು, ಅದೇ ಗಂಟು. ಮೊದಮೊದಲು ಗೋಣೆಪ್ಪ, ಯಾರನ್ನು ಕರೆಯಬೇಕು ಎಂದು ಕೇಳುತ್ತಿದ್ದ.

"ನನ್ನ ಮಗನ್ನ," ಎನ್ನುತ್ತಿದ್ದಳು.

ಈಗ ಅವನು ಕೇಳುವುದಿಲ್ಲ. ಅವಳನ್ನು ಕಂಡೊಡನೆ ಬೀಗದಕೈ ಹಿಡಿದು ಒಳಗೆ ಹೋಗುತ್ತಾನೆ. ಒಂದೊಂದು ಸಲ ಮಗ ಬರುತ್ತಾನೆ, ಬಲೆಯ ಆಚೆ ನಿಲ್ಲುತ್ತಾನೆ, ರೊಟ್ಟಿ ತೆಗೆದುಕೊಳ್ಳುತ್ತಾನೆ. ಒಂದೊಂದು ಸಲ ಬರುವುದಿಲ್ಲ. ಒಳಗೆ ಗೋಣೆಪ್ಪ ಅವನನ್ನು ಏನೆಂದು ಕರೆಯುತ್ತಾನೋ ಅವಳು ಕೇಳಿಲ್ಲ.